ಪಾರಣೆಯಿಲ್ಲದ ಉಪವಾಸ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡ ಮನೆ ಇರಲಾರದು. ಎಷ್ಟು ಉಣ್ಣಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತಿಳಿದವನಿಗೆ ವೈದ್ಯನ ಹಂಗಿಲ್ಲ ಎಂಬುದು ಅದರ ಮೊದಲ ಅರ್ಧದ ಅಭಿಪ್ರಾಯ. ಆದರೆ ಉಣ್ಣುವುದೇ ರೋಗದ ನೆಲೆಯಾಗಿಬಿಟ್ಟಾಗ ಏನು ಮಾಡಬೇಕು? ಊಟದ ವಿಷಯವನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವಳು, ಒಂದು ರೊಟ್ಟಿಗೆ ಎಷ್ಟು ಕ್ಯಾಲೊರಿ, ಪಲ್ಯಕ್ಕೆ ಎಷ್ಟು ಎಣ್ಣೆ ಬಿದ್ದಿದೆ ಎಂದು ಬಾಯಿಪಾಠ ಹೇಳಬಲ್ಲವಳು, ಆಕೆಯೇ ದಿನದಿಂದ ದಿನಕ್ಕೆ ಸವೆಯುತ್ತಿದ್ದರೆ ಅದೇ ಮನೆಯಲ್ಲಿ ಮೂರು ಹೊತ್ತು ಉಣ್ಣುವ ಗಂಡನ ಧರ್ಮ ಯಾವುದು? ಗಾದೆಯ ಮೊದಲ ಅರ್ಧ ಇಲ್ಲಿ ಕೈಕೊಡುತ್ತದೆ. ಎರಡನೆಯ ಅರ್ಧದಲ್ಲಿ, ಎಂದರೆ ಮಾತಿನಲ್ಲಿ, ಏನಾದರೂ ದಾರಿಯಿದೆಯೇ ಎಂದು ನೋಡುವುದು ಈ ಬರಹದ ಉದ್ದೇಶ.

ಪ್ರಶ್ನೆಯನ್ನು ಗಾಳಿಯಲ್ಲಿ ತೂಗಿಬಿಡದೆ ಒಂದು ಮನೆಯೊಳಗೆ ಇಟ್ಟು ನೋಡೋಣ. ಮನೆ ಆಜರಾದ್ದು ಎಂದು ಕಲ್ಪಿಸಿಕೊಳ್ಳೋಣ. ಕೊಲ್ಹಾಪುರ ಜಿಲ್ಲೆಯ ದಕ್ಷಿಣಕ್ಕೆ, ಹಿರಣ್ಯಕೇಶಿ ನದಿಯ ಮಗ್ಗುಲಲ್ಲಿರುವ ಈ ಊರು ಹಿಂದೆ ಇಚಲಕರಂಜಿ ಜಹಗೀರಿಗೆ ಸೇರಿತ್ತು. ಒಳಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂಬಂತೆ ಬದುಕುವ ಸಂಸಾರ. ಕಾಸರಗೋಡಿನ ಓದುಗರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯ ಜಾಗದಲ್ಲಿ ಮಲಯಾಳವನ್ನು ಇಟ್ಟುಕೊಂಡರೆ ಸಾಕು. ಆಜರಾ ಹೆಸರಾದದ್ದು ಘನಸಾಳ ಎಂಬ ಪರಿಮಳದ ಅಕ್ಕಿಗೆ. 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರಕಿತು. ಅನ್ನ ಬೇಯುತ್ತಿದ್ದರೆ ಬೀದಿಗೆ ಗೊತ್ತಾಗುವ ಊರಿನಲ್ಲಿ, ಅದನ್ನು ಬೇಯಿಸಿದವಳೇ ಉಣ್ಣುತ್ತಿಲ್ಲವೆಂಬುದು ಮಾತ್ರ ಪಕ್ಕದ ಕೋಣೆಗೂ ಗೊತ್ತಾಗದೆ ಹೋಗಬಹುದು.

ಗೊತ್ತಾಗದಿರಲು ನಮ್ಮ ಪದ್ಧತಿಯೇ ಒಂದು ಕಾರಣ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಹೆಂಗಸು. ಕೊನೆಗೆ ಉಣ್ಣುವವರು ಉಂಡರೋ ಇಲ್ಲವೋ ನೋಡಲು ಯಾರೂ ಉಳಿದಿರುವುದಿಲ್ಲ. 'ನೀವು ಉಣ್ರಿ, ನಾ ಅಡಗಿ ಮಾಡೂವಾಗನ ತಿಂದೀನಿ' ಎಂಬ ಒಂದು ಮಾತು ತಿಂಗಳುಗಟ್ಟಲೆ ಬಾಗಿಲು ಮುಚ್ಚಿಬಿಡಬಲ್ಲುದು. ಮೊದಲು ಸೋಮವಾರದ ಒಪ್ಪೊತ್ತು. ಅನಂತರ ಸಂಕಷ್ಟಿ, ಏಕಾದಶಿ. ಆಮೇಲೆ ಗುರುವಾರವೂ ಸೇರಿಕೊಳ್ಳುತ್ತದೆ. ಉಪವಾಸಕ್ಕೆ ಸಲ್ಲುವ ಸಾಬುದಾಣೆಯ ಖಿಚಡಿಯೂ ತಟ್ಟೆಯಲ್ಲೇ ಉಳಿಯುತ್ತದೆ. ಉಂಗುರಕ್ಕೆ ದಾರ ಸುತ್ತಬೇಕಾಗುತ್ತದೆ, ಬಳೆ ಮೊಣಕೈಗೆ ಸರಿಯುತ್ತದೆ, ಬೇಸಿಗೆಯಲ್ಲೂ ಸ್ವೆಟರು ಬೇಕಾಗುತ್ತದೆ. ಅಥವಾ ಮೈ ಇದ್ದಂತೆಯೇ ಇರುತ್ತದೆ. ಆದರೆ ರಾತ್ರಿ ಡಬ್ಬಿಗಳು ಬರಿದಾಗುತ್ತವೆ, ಊಟವಾದ ಕೂಡಲೇ ಬಚ್ಚಲುಮನೆಯಲ್ಲಿ ನಲ್ಲಿ ಜೋರಾಗಿ ಹರಿಯುತ್ತದೆ. ರೋಗ ಒಂದೇ ವೇಷದಲ್ಲಿ ಬರುವುದಿಲ್ಲ. ಹೆಂಗಸರಿಗೇ ಬರುತ್ತದೆಂಬ ನಿಯಮವೂ ಇಲ್ಲ. ಗಂಡಸರಲ್ಲಿ ಅದನ್ನು ಗುರುತಿಸುವುದು ಇನ್ನೂ ತಡವಾಗುತ್ತದೆ. ಇಲ್ಲಿ ಗಂಡ ಆರೈಕೆಯವನು, ಹೆಂಡತಿ ರೋಗಿ ಎಂದು ಬರೆದಿರುವುದು ಅನುಕೂಲಕ್ಕಾಗಿ ಮಾತ್ರ.

ಗಂಡ ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯುತ್ತಾನೆ. ಅಲ್ಲಿ ಭಾಷೆ ಅಡ್ಡ ಬರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಗಡಿಯ ಕನ್ನಡಿಗರ ಅಡುಗೆಮನೆಯ ಭಾಷೆ ಒಂದು, ಆಸ್ಪತ್ರೆಯ ಭಾಷೆ ಇನ್ನೊಂದು. 'ಊಟ ಸೇರುವುದಿಲ್ಲ' ಎಂಬುದು ಆಜರಾದಲ್ಲಿ 'ಭೂಕ್ ಲಾಗತ್ ನಾಹೀ' ಆಗುತ್ತದೆ, ಕಾಸರಗೋಡಿನಲ್ಲಿ 'ವಿಶಪ್ಪಿಲ್ಲ' ಆಗುತ್ತದೆ. ಹಸಿವೆಯಿಲ್ಲವೆಂದರೆ ಟಾನಿಕ್ಕು, ಆಸಿಡಿಟಿಯ ಮಾತ್ರೆ. ನಿಜಸ್ಥಿತಿ ಬೇರೆಯೇ. ಹಸಿವು ಇದೆ, ಆಕೆ ಅದರೊಡನೆ ಹಗಲಿರುಳು ಹೋರಾಡುತ್ತಿದ್ದಾಳೆ. ವೈದ್ಯಶಾಸ್ತ್ರವೂ ಮೊದಲಿಗೆ ಇಲ್ಲಿಯೇ ಎಡವಿತ್ತು. ಈ ರೋಗಕ್ಕೆ ಇಟ್ಟ 'ಅನೊರೆಕ್ಸಿಯಾ' ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಹಸಿವಿಲ್ಲದಿರುವಿಕೆ. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಅಲ್ಲಿನ ಎಷ್ಟೋ ರೋಗಿಗಳು ದಪ್ಪಗಾಗುವ ಭಯವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಹೊಟ್ಟೆ ಉಬ್ಬರ, ಉಣ್ಣಲಾಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದರು. ನಮ್ಮ ಮನೆಗಳ 'ಗ್ಯಾಸ್' ಎಂಬ ಮಾತಿನ ಹಿಂದೆಯೂ ಇಂಥದು ಅಡಗಿರಬಹುದೆಂಬ ಎಚ್ಚರ ಒಳ್ಳೆಯದು.

ಇದೆಲ್ಲ ಪಶ್ಚಿಮದವರ, ಸಿನಿಮಾ ನಟಿಯರ ರೋಗ ಎಂಬ ಸಮಾಧಾನಕ್ಕೆ ಈಗ ಅವಕಾಶವಿಲ್ಲ. 2025ರ ಮಾರ್ಚಿನಲ್ಲಿ ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಒಬ್ಬ ಎಳೆಯ ವಿದ್ಯಾರ್ಥಿನಿ, ತೂಕ ಹೆಚ್ಚೀತೆಂಬ ಭಯದಿಂದ ಬಹುಕಾಲ ಊಟ ಬಿಟ್ಟು ತೀರಿಕೊಂಡ ಸುದ್ದಿಯನ್ನು ಮಲಯಾಳ ಪತ್ರಿಕೆಗಳು ಪ್ರಕಟಿಸಿದವು. ಮನೋರೋಗಗಳಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚಿರುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ತಿಂದುದನ್ನು ಕಕ್ಕುವ ಬುಲಿಮಿಯಾ ರೋಗಕ್ಕೆ ಲಂಡನ್ನಿನ ಜೆರಾಲ್ಡ್ ರಸೆಲ್ 1979ರಲ್ಲಿ ಪ್ರತ್ಯೇಕ ಹೆಸರು ಕೊಟ್ಟರು. ಅದರಲ್ಲಿ ಮೈ ಸೊರಗದಿದ್ದರೂ ರಕ್ತದ ಪೊಟ್ಯಾಸಿಯಮ್ ಇಳಿದು ಎದೆಬಡಿತ ತಪ್ಪುವ ಅಪಾಯವಿದೆ. ಆದುದರಿಂದ 'ನೋಡಲು ಚೆನ್ನಾಗಿಯೇ ಇದ್ದಾಳಲ್ಲ' ಎಂಬ ಮಾತು ಪ್ರಮಾಣವಾಗಲಾರದು.

ಇಲ್ಲಿ ನಮ್ಮ ಸಂಸ್ಕೃತಿಗೇ ವಿಶೇಷವಾದ ಒಂದು ನೈತಿಕ ತೊಡಕಿದೆ. ಉಪವಾಸವನ್ನು ನಾವು ಗೌರವಿಸುತ್ತೇವೆ. ಉಪವಾಸವಿದ್ದವರನ್ನು ಉಣ್ಣೆಂದು ಪೀಡಿಸುವುದು ಪಾಪ ಎಂಬ ಭಾವನೆಯಿದೆ. ಕೊಲ್ಹಾಪುರ, ಇಚಲಕರಂಜಿಗಳ ಸುತ್ತಲಿನ ಜೈನ ಮನೆಗಳಿಗೆ, ಮಂಜೇಶ್ವರ ಕಾರ್ಕಳಗಳ ಬಸದಿಗಳನ್ನು ಬಲ್ಲ ನಮಗೆ, ಸಲ್ಲೇಖನದ ಹೆಸರು ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಅದರ ನೆನಪುಗಳು ಸಾಲುಗಟ್ಟಿವೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪರಿಸರದಲ್ಲಿ ಹುಟ್ಟಿ ಬೆಳೆದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಈ ಆಚರಣೆಯನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಇಂಥ ಪರಂಪರೆಯಲ್ಲಿ ಬೆಳೆದ ಗಂಡ, 'ಇದು ಅವಳ ವ್ರತ, ಅವಳ ಮನಸ್ಸು. ನಾನಾರು ತಡೆಯಲು?' ಎಂದುಕೊಂಡರೆ ಆಶ್ಚರ್ಯವಿಲ್ಲ. ವ್ರತ ಯಾವುದು, ರೋಗ ಯಾವುದು ಎಂದು ಅವನು ಹೇಗೆ ತಿಳಿಯಬೇಕು?

ವ್ರತಕ್ಕೆ ಆರಂಭವಿದೆ, ಅಂತ್ಯವಿದೆ. ಏಕಾದಶಿಗೆ ದ್ವಾದಶಿಯ ಪಾರಣೆ ಇದೆ. ಪಾರಣೆಯ ಎಲೆಯ ಮುಂದೆ ಕುಳಿತವರಿಗೆ ಅನ್ನವನ್ನು ಕಂಡು ಭಯವಾಗುವುದಿಲ್ಲ, ಸಂತೋಷವಾಗುತ್ತದೆ. ವ್ರತವನ್ನು ಯಾರೂ ಕದ್ದು ಮಾಡುವುದಿಲ್ಲ. ಸಲ್ಲೇಖನಕ್ಕೆ ಪಾರಣೆಯಿಲ್ಲ, ನಿಜ. ಆದರೆ ಅಲ್ಲಿಯೂ ಗುರುವಿನ ಅನುಮತಿ ಬೇಕು, ಸಂಘದ ಸಾಕ್ಷಿ ಬೇಕು. ಮುಪ್ಪು, ವಾಸಿಯಾಗದ ರೋಗ, ತಪ್ಪಿಸಲಾಗದ ಉಪಸರ್ಗ, ಕ್ಷಾಮಗಳಂಥ ಸಂದರ್ಭಗಳನ್ನೇ ಶಾಸ್ತ್ರ ಹೇಳುತ್ತದೆ. ಮೈಬಣ್ಣ, ಸೊಂಟದ ಅಳತೆಗಳ ಚಿಂತೆ ಉಳಿದವರಿಗೆ ಅದು ಸಲ್ಲುವುದೇ ಇಲ್ಲ. ರೋಗದ ಉಪವಾಸ ಇದಕ್ಕೆ ಪ್ರತಿಯೊಂದರಲ್ಲೂ ವಿರುದ್ಧ. ಅದು ಗುಟ್ಟಿನದು. ಅದರ ನಿಯಮಗಳು ವಾರದಿಂದ ವಾರಕ್ಕೆ ಬಿಗಿಯಾಗುತ್ತವೆ. ಗುರಿ ಮುಟ್ಟಿದ ದಿನವೇ ಗುರಿ ಇನ್ನೂ ಕೆಳಗಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಮುರಿಯುವ ಸ್ವಾತಂತ್ರ್ಯ ಹಿಡಿದವಳಿಗೆ ಇಲ್ಲ. ಇದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. ಬಿಡಲು ಸಾಧ್ಯವಿದ್ದೂ ಹಿಡಿದಿರುವುದು ವ್ರತ. ಬಿಡಬೇಕೆಂದು ಒಳಗೊಳಗೆ ಅತ್ತರೂ ಬಿಡಲಾಗದಿರುವುದು ರೋಗ. ಪಾರಣೆಯಿಲ್ಲದ ಈ ಉಪವಾಸದಲ್ಲಿ 'ಅವಳ ಇಚ್ಛೆ'ಯನ್ನು ಗೌರವಿಸುತ್ತೇನೆಂದು ಸುಮ್ಮನಿರುವ ಗಂಡ ಗೌರವಿಸುತ್ತಿರುವುದು ಅವಳನ್ನು ಹಿಡಿದಿರುವುದರ ಇಚ್ಛೆಯನ್ನು.

ಹಾಗಾದರೆ ಒತ್ತಾಯ ಮಾಡಿ ಉಣಿಸಬೇಕೇ? 1873ರಷ್ಟು ಹಿಂದೆ ಪ್ಯಾರಿಸಿನ ವೈದ್ಯ ಲಾಸೆಗ್, ಇಂಥ ಮನೆಗಳಲ್ಲಿ ಬಂಧುಗಳ ಬಳಿ ಎರಡೇ ಉಪಾಯಗಳಿರುತ್ತವೆ, ಗೋಗರೆಯುವುದು ಮತ್ತು ಗದರಿಸುವುದು. ಎರಡೂ ಬರಿದಾಗುತ್ತವೆ ಎಂಬರ್ಥದಲ್ಲಿ ಬರೆದ. ನೂರೈವತ್ತು ವರ್ಷಗಳ ಬಳಿಕವೂ ಆಜರಾದಲ್ಲಾಗಲಿ ಕುಂಬಳೆಯಲ್ಲಾಗಲಿ ಈ ಚಿತ್ರ ಬದಲಾಗಿಲ್ಲ. ಅದೇ ಕಾಲದಲ್ಲಿ ರೋಗಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟ ಇಂಗ್ಲೆಂಡಿನ ವಿಲಿಯಂ ಗಲ್, ಈ ರೋಗಿಗಳ ಆರೈಕೆಗೆ ನಂಟರಿಷ್ಟರು ಎಲ್ಲರಿಗಿಂತ ಕಡೆ ಎಂದೇ ತೀರ್ಮಾನಿಸಿದ್ದ. ಈ ತೀರ್ಮಾನ ತಲೆಕೆಳಗಾಗಲು ಒಂದು ಶತಮಾನ ಬೇಕಾಯಿತು. 1980ರ ದಶಕದಲ್ಲಿ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯವರು ತಂದೆತಾಯಿಯನ್ನೇ ಚಿಕಿತ್ಸೆಯ ಒಳಕ್ಕೆ ತಂದರು. ರೋಗ ಹಿಡಿದು ಹೆಚ್ಚು ಕಾಲವಾಗದ ಎಳೆಯರಲ್ಲಿ ಇದರಿಂದ ಒಳ್ಳೆಯ ಫಲ ಬಂದುದನ್ನು 1987ರಲ್ಲಿ ಪ್ರಕಟಿಸಿದರು.

ಆದರೆ ಗಂಡ ತಂದೆಯಲ್ಲ. ಹದಿನೈದರ ಮಗಳ ತಟ್ಟೆಯ ಹೊಣೆಯನ್ನು ತಾಯಿ ಸ್ವಲ್ಪ ಕಾಲ ತನ್ನ ಕೈಗೆ ತೆಗೆದುಕೊಳ್ಳಬಹುದು. ಮೂವತ್ತರ ಹೆಂಡತಿಯ ತಟ್ಟೆಯನ್ನು ಗಂಡ ಹಾಗೆ ತೆಗೆದುಕೊಂಡರೆ ದಾಂಪತ್ಯದ ಸಮಾನತೆ ಕುಸಿಯುತ್ತದೆ. ನಮ್ಮ ಕುಟುಂಬಗಳಲ್ಲಿ ಹೆಂಡತಿಯ ಮೇಲೆ ಗಂಡನಿಗಿರುವ ಅಧಿಕಾರ ಈಗಾಗಲೇ ಅಳತೆ ಮೀರಿದ್ದು. ಆರೈಕೆಯ ಹೆಸರಿನಲ್ಲಿ ಅದಕ್ಕೆ ಇನ್ನೊಂದು ಲಾಠಿ ಕೊಡುವುದು ಸಲ್ಲದು. ವೈದ್ಯಕೀಯವಾಗಿಯೂ ಒತ್ತಾಯ ಅಪಾಯಕಾರಿ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ರಕ್ತದ ಫಾಸ್ಫೇಟ್ ಹಠಾತ್ತನೆ ಇಳಿದು ಹೃದಯವೇ ಸೋಲಬಹುದು. ಎರಡನೆಯ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಹಸಿದ ಸೆರೆಯಾಳುಗಳಲ್ಲಿ ಇದನ್ನು ಕಂಡರು. ತೀರ ಸೊರಗಿದವರಿಗೆ ಆಹಾರವನ್ನು ಹೆಚ್ಚಿಸುವುದು ವೈದ್ಯರ ಮೇಲ್ವಿಚಾರಣೆಯಲ್ಲಿ, ರಕ್ತಪರೀಕ್ಷೆಯೊಡನೆ ಆಗಬೇಕಾದ ಕೆಲಸ.

ಒತ್ತಾಯದ ಇನ್ನೊಂದು ರೂಪ ನಮ್ಮಲ್ಲಿ ಪ್ರೀತಿಯ ವೇಷದಲ್ಲಿ ಬರುತ್ತದೆ. 'ನೀ ಉಣ್ಣಲಿಲ್ಲಂದ್ರ ನಾನೂ ಉಣ್ಣಾಂಗಿಲ್ಲ' ಎಂದು ಗಂಡನೂ ತಟ್ಟೆ ಸರಿಸುವುದು. ಇದನ್ನು ಮನೆಯೊಳಗಿನ ಸತ್ಯಾಗ್ರಹವೆಂದು ಹಿರಿಯರು ಮೆಚ್ಚಿಯಾರು. ಸತ್ಯಾಗ್ರಹಕ್ಕೆ ಅರ್ಥವಿರುವುದು ಎದುರಿನವರ ಕೈಯಲ್ಲಿ ಬದಲಾಗುವ ಶಕ್ತಿ ಇದ್ದಾಗ. ಇಲ್ಲಿ ಆಕೆಯ ಪಾಲಿಗೆ ಉಳಿಯುವುದು ಅಪರಾಧಭಾವವೊಂದೇ. ಆ ಅಪರಾಧಭಾವವೇ ಮರುದಿನದ ಉಪವಾಸಕ್ಕೆ ಕಾರಣ. ಗಂಡ ನೆಮ್ಮದಿಯಾಗಿ, ಹೊಟ್ಟೆತುಂಬ, ಆಕೆಯ ಎದುರಿನಲ್ಲೇ ಉಣ್ಣುವುದು ಹೆಚ್ಚು ಉಪಕಾರದ ಕೆಲಸ. ಊಟ ಭಯದ ವಸ್ತುವಲ್ಲ ಎಂಬುದನ್ನು ಮಾತಿಲ್ಲದೆ ಹೇಳುವ ಬಗೆ ಅದು.

ಹೀಗೆ ಸುಮ್ಮನಿರುವುದೂ ಸಲ್ಲದು, ಬಲವಂತವೂ ಸಲ್ಲದು ಎಂದಾಗ ಉಳಿಯುವುದು ಗಾದೆಯ ಎರಡನೆಯ ಅರ್ಧ. ಮಾತು ಬಲ್ಲವನಾಗಬೇಕಾದರೆ ಮೊದಲು ಒಂದು ವಿವೇಕ ಬೇಕು: ಹೆಂಡತಿ ಬೇರೆ, ರೋಗ ಬೇರೆ ಎಂದು ಕಾಣುವ ವಿವೇಕ. ಇದಕ್ಕೆ ನೆರವಾಗುವ ಒಂದು ಪ್ರಯೋಗವನ್ನು 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ನಡೆಸಿದ್ದರು. ಯುದ್ಧಕ್ಕೆ ಹೋಗಲು ಮನಸ್ಸೊಪ್ಪದ 36 ಮಂದಿ ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು, ತೂಕದ ಕಾಲುಭಾಗದಷ್ಟು ಕಳೆದುಕೊಂಡರು. ಅವರು ಮಂಕಾದರು, ಸಿಡುಕಿದರು, ಗೆಳೆಯರನ್ನು ದೂರ ಮಾಡಿದರು. ಹಗಲೆಲ್ಲ ಅಡುಗೆಪುಸ್ತಕ ಓದಿದರು, ಒಂದು ತುತ್ತನ್ನು ಗಂಟೆಗಟ್ಟಲೆ ಎಳೆದು ತಿಂದರು. ಅವರಾರಿಗೂ ಮೊದಲು ಮನೋರೋಗವಿರಲಿಲ್ಲ. ಮೊಂಡುತನ, ಸುಳ್ಳು, ಸಿಟ್ಟು ಎಂದು ಗಂಡ ಎಣಿಸುವ ಎಷ್ಟೋ ಗುಣಗಳು ಹಸಿದ ಮಿದುಳಿನ ಲಕ್ಷಣಗಳು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇದನ್ನು ತಿಳಿದವನಿಗೆ ಕೋಪ ಅರ್ಧ ಇಳಿಯುತ್ತದೆ.

ಆಮೇಲೆ ಮಾತಿನ ರೀತಿ. 'ಇವತ್ತ ಏನ ಉಂಡಿ? ಎಷ್ಟ ಉಂಡಿ?' ಎಂಬುದು ಪೊಲೀಸರ ಪ್ರಶ್ನೆ. ಪೊಲೀಸರಿಗೆ ಸಿಗುವುದು ಸುಳ್ಳು. 'ಊಟದ ಹೊತ್ತಿಗೆ ನಿನಗ ಭಾಳ ತ್ರಾಸ ಆಗತೈತಿ ಅಂತ ನನಗ ಕಾಣತೈತಿ. ನಾ ಬಾಜೂಕ ಕೂಡತೀನಿ' ಎಂಬುದು ಸಂಗಾತಿಯ ಮಾತು. ಈ ಮಾತನ್ನು ಊಟದ ಹೊತ್ತಿನಲ್ಲಿ ಆಡಬಾರದು. ಸಂಜೆ ನಡೆದಾಡುವಾಗ, ಬೇರೆ ಯಾರೂ ಇಲ್ಲದಾಗ ಆಡಬೇಕು. ಊಟದ ಹೊತ್ತಿಗೆ ಮಳೆಯ ಮಾತು, ಗೇರುಬೀಜದ ಧಾರಣೆಯ ಮಾತು ಇರಲಿ. ಊಟವಾದ ಬಳಿಕ ಒಂದು ಗಂಟೆ ಜೊತೆಯಲ್ಲಿ ಕುಳಿತು ಏನಾದರೂ ಕೆಲಸ ಮಾಡುವುದು, ಕಕ್ಕುವ ಒತ್ತಡ ದಾಟಲು ಎಷ್ಟೋ ಮಂದಿಗೆ ನೆರವಾಗುತ್ತದೆ. ಮೈಕಟ್ಟಿನ ಕುರಿತು ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. 'ಈಗ ಮೈ ತುಂಬಿಕೊಂಡು ಲಕ್ಷಣವಾಗಿ ಕಾಣುತ್ತೀ' ಎಂಬ ಪ್ರೀತಿಯ ಮಾತು ಆಕೆಯ ಕಿವಿಗೆ 'ದಪ್ಪಗಾದೆ' ಎಂದೇ ಬೀಳುತ್ತದೆ. ಮದುವೆಮನೆಯಲ್ಲಿ 'ಬಡಕಲಾದೆಯಲ್ಲ, ಅತ್ತೆ ಊಟ ಹಾಕುವುದಿಲ್ಲವೇ?' ಎನ್ನುವವರ ಬಾಯಿಯನ್ನು ನಯವಾಗಿ ಮುಚ್ಚಿಸುವ ಹೊಣೆ ಗಂಡನದು.

ಗುಟ್ಟಿನ ಪ್ರಶ್ನೆ ಎಲ್ಲಕ್ಕಿಂತ ಕಠಿನ. 'ಯಾರಿಗೂ ಹೇಳಬ್ಯಾಡ್ರಿ' ಎಂದು ಆಕೆ ಕೈಹಿಡಿದು ಕೇಳಿದಾಗ ಮಾತು ಕೊಡಬೇಕೇ? ಮರ್ಯಾದೆ ಕಾಯುವುದು ಬೇರೆ, ಅಪಾಯವನ್ನು ಮುಚ್ಚಿಡುವುದು ಬೇರೆ. ಆಕೆ ಏನು ತಿನ್ನುತ್ತಾಳೆಂಬುದು ಅತ್ತೆ-ನಾದಿನಿಯರ ಹರಟೆಯ ವಿಷಯವಾಗದಂತೆ ನೋಡಿಕೊಳ್ಳುವ ಮಾತನ್ನು ಧಾರಾಳವಾಗಿ ಕೊಡಬಹುದು. ವೈದ್ಯರಿಂದ ಮುಚ್ಚಿಡುತ್ತೇನೆಂಬ ಮಾತನ್ನು ಕೊಡಬಾರದು. ಕೊಡಲಾರೆನೆಂದು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತನ. ಕೊಟ್ಟು ಮುರಿಯುವುದು ವಿಶ್ವಾಸಘಾತ. ನಿಂತಲ್ಲೇ ತಲೆಸುತ್ತಿ ಬೀಳುವುದು, ಎದೆಬಡಿತ ತಪ್ಪುವುದು, ಮೆಟ್ಟಿಲು ಹತ್ತಲಾಗದಷ್ಟು ನಿಶ್ಶಕ್ತಿ, ಕಾಲು ಊದುವುದು, ನೀರನ್ನೂ ನಿರಾಕರಿಸುವುದು, ಸಾಯುವ ಮಾತು: ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಒಯ್ಯಬೇಕು. 'ಹಸಿವಿಲ್ಲ' ಎಂಬ ಅನುವಾದಕ್ಕೆ ನಿಲ್ಲದೆ 'ಉಣ್ಣಲು ಹೆದರುತ್ತಾಳೆ, ಕಕ್ಕುತ್ತಾಳೆ, ಇಷ್ಟು ತಿಂಗಳಾಯಿತು' ಎಂದು ಮರಾಠಿಯಲ್ಲೋ ಮಲಯಾಳದಲ್ಲೋ ನೇರವಾಗಿ ಹೇಳಬೇಕು. ಗಡಿಯ ಮನೆಗಳಲ್ಲಿ ಗಂಡ ಅನುವಾದಕನೂ ಹೌದು. ಸರಿಯಾದ ಅನುವಾದವೂ ಆರೈಕೆಯ ಒಂದು ಭಾಗ.

ಕಾನೂನು ಈ ಸೂಕ್ಷ್ಮವನ್ನು ಕೆಲಮಟ್ಟಿಗೆ ಅರಿತಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ತನ್ನ ಪರವಾಗಿ ಮಾತಾಡಬೇಕಾದ ಪ್ರತಿನಿಧಿಯನ್ನು ರೋಗಿಯೇ ಹೆಸರಿಸಬಹುದು. ಅದು ಗಂಡನೇ ಆಗಬೇಕೆಂದಿಲ್ಲ. ಅಕ್ಕ, ಗೆಳತಿ ಯಾರೂ ಆಗಬಹುದು. ಆಕೆ ಬೇರೆಯವರನ್ನು ಹೆಸರಿಸಿದರೆ ಗಂಡ ಅದನ್ನು ಅವಮಾನವೆಂದು ತಿಳಿಯಬಾರದು. ತನ್ನನ್ನು ನೋಡಿಕೊಳ್ಳಲಾಗದೆ ಜೀವಕ್ಕೇ ಅಪಾಯವಿದ್ದಾಗ ಮಾತ್ರ, ವೈದ್ಯರ ಪ್ರತ್ಯೇಕ ಪರಿಶೀಲನೆಯ ಮೇಲೆ, ಒಪ್ಪಿಗೆಯಿಲ್ಲದೆಯೂ ದಾಖಲಿಸಲು ಅವಕಾಶವಿದೆ. ಒತ್ತಾಯಕ್ಕೆ ನ್ಯಾಯವಾದ ಜಾಗ ಇಷ್ಟೇ. ಅದರ ಕೀಲಿಕೈ ಗಂಡನ ಕೈಯಲ್ಲಿ ಇಲ್ಲದಿರುವುದೇ ಕ್ಷೇಮ. ಮೊದಲ ಮಾತಾಡಲು ದೂರ ಹೋಗಬೇಕೆಂದಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡ, ಮಲಯಾಳ, ಮರಾಠಿಗಳಲ್ಲಿಯೂ ಸಲಹೆ ದೊರೆಯುತ್ತದೆ. ಮನೆಭಾಷೆಯಲ್ಲಿ ಹೇಳಿಕೊಳ್ಳುವ ಸಮಾಧಾನ ಗಡಿಯವರಿಗೆ ಸಣ್ಣದಲ್ಲ.

ಕೊನೆಯದಾಗಿ ಆರೈಕೆ ಮಾಡುವವನ ಮಾತು. ಈ ರೋಗ ತಿಂಗಳುಗಳಲ್ಲಿ ಮುಗಿಯದೆ ವರ್ಷಗಳನ್ನು ಬೇಡಬಹುದು. ವಾಸಿಯಾಗುವವರು ಅನೇಕರು, ಆದರೆ ದಾರಿ ನೇರವಲ್ಲ, ಹಿಂದೆ ಜಾರುವುದು ಸಾಮಾನ್ಯ. ಹೀಗಿರುವಾಗ ಆಕೆ ಗುಣವಾಗುವುದೇ ತನ್ನ ಪ್ರೀತಿಯ ಪರೀಕ್ಷೆ ಎಂದು ಗಂಡ ಹಟ ಹಿಡಿದರೆ, ಪ್ರತಿ ಸೋಲಿಗೂ ಅವಳನ್ನೇ ದೂರುವ ದಿನ ಬಂದೇ ಬರುತ್ತದೆ. ಅವನಿಗೂ ಗೆಳೆಯರು ಬೇಕು, ನಿದ್ದೆ ಬೇಕು, ಸಿಟ್ಟು ಬಂದಾಗ ಹೇಳಿಕೊಳ್ಳಲು ಒಂದು ಕಿವಿ ಬೇಕು. ಗುಣಪಡಿಸುವ ಹೊಣೆ ಅವನದಲ್ಲ. ಅದು ಆಕೆಯ ಮತ್ತು ವೈದ್ಯರ ಕೆಲಸ. ಅವನದಾದ ಕೆಲಸ ಇನ್ನೂ ಸಣ್ಣದು, ಇನ್ನೂ ಕಷ್ಟದ್ದು: ರೋಗದ ಪರವಾಗಿ ಸುಳ್ಳು ಹೇಳದಿರುವುದು, ಆಕೆಯ ಪರವಾಗಿ ನಿಲ್ಲುವುದನ್ನು ಬಿಡದಿರುವುದು. ಎಲ್ಲರೂ ಉಂಡೆದ್ದ ಬಳಿಕ ಅಡುಗೆಮನೆಯಲ್ಲಿ ಆಕೆ ಒಬ್ಬಳೇ ತಟ್ಟೆಯೆದುರು ಉಳಿಯುವ ಪದ್ಧತಿಯನ್ನು ಇವತ್ತಿನ ರಾತ್ರಿಯೇ ನಿಲ್ಲಿಸಬಹುದು. ಅದಕ್ಕೆ ವೈದ್ಯರ ಚೀಟಿ ಬೇಕಾಗಿಲ್ಲ.